ನಂಗ ಸೇರಂಗಿಲ್ಲ

ಚಾದಾಗ ಯಾಲಕ್ಕಿ ಹಾಕಿದ್ರ ನಂಗ ಸೇರಂಗಿಲ್ಲ.
ಪಾಯಸ ಕುಡದಂಗ ಆಕ್ಕತಿ, ಬೆಳಗಾಗಿದ್ದೇ ಗೊತ್ತಾಗಂಗಿಲ್ಲ.
ಶುಂಠಿ ಇರಬೇಕು. ಹೆಚ್ಚಿದ್ದಲ್ಲ, ಜಜ್ಜಿದ್ದು.
ಗಂಟಲಿಗೆ ಒಂದು ಬೈಗಳ ಬೈದಂಗ ಇಳೀಬೇಕು.

ಮಾಬುನ್ನಿ ಯಾಲಕ್ಕಿ ಪಾರ್ಟಿ.
ಕೌಲ್ ಬಜಾರದ ತಗಡಿನ ಶೆಡ್ಡಿನಾಗ
ಹದಿನಾಲ್ಕು ವರ್ಷ ನನ್ನ ಎಡಕ್ಕ ಕುಂತು
ಜೀನ್ಸ್ ಪ್ಯಾಂಟಿಗೆ ಝಿಪ್ಪು ಹಚ್ಚಿದಾಕಿ.
ನಾನು ಕಾಜಾ ಹೊಡಿಯಾಕಿ.
ಒಂದು ದಿನ, ಒಂದು ಮಾತಿಗೆ
'ಹೂಂ, ಖರೆ' ಅಂದಾಕಿ ಅಲ್ಲ.

ಒಗ್ಗರಣಿ ಮಂಡಾಳು ಒಣಾ ಇರಬೇಕಂತೀನಿ ನಾನು,
ಹಲ್ಲಿನ ಸದ್ದು ಕಿವಿಗೆ ಕೇಳಬೇಕು.
ಆಕಿಗೆ ತೊಯ್ದು ಮೆತ್ತಗಾಗಿರಬೇಕು, ಮ್ಯಾಲೆ ಅರ್ಧ ನಿಂಬಿಹಣ್ಣು.
'ಕೂಸಿಗೆ ತಿನ್ನಸ್ತಿಯೇನ?' ಅಂದ್ರ
'ನೀ ಕಲ್ಲು ತಿನ್ನು, ಇಡೀ ಗುಡ್ಡ ಐತಿ ಎದುರಿಗೆ' ಅಂತಿದ್ಲು.

ಮಿರ್ಚಿ ಬಂದ್ರ ಮಾತ್ರ ಜಗಳಿಲ್ಲ.
ನಾನು ಸುತ್ತಲಿನ ಹಿಟ್ಟು ಬಿಡಿಸಿ ತಿನ್ನಾಕಿ,
ಆಕಿ ಒಳಗಿನ ಕಾಯಿ, ತೊಟ್ಟು ಹಿಡದು, ಬೀಜದ ಸಮೇತ.
ಇಬ್ಬರಿಗೂ ಒಂದೇ ಪ್ಲೇಟು.
ಪೇಪರಿನ ಮ್ಯಾಲೆ ಎಣ್ಣಿ ಬಿಟ್ಟು ಏನೂ ಉಳೀತಿರಲಿಲ್ಲ.

ಏಪ್ರಿಲ್‌ನಾಗ ಕೂಲರಿಗೆ ಹೊಸಾ ಹುಲ್ಲು ಹಾಕಿ
ಮೊದಲನೇ ಕೊಡ ನೀರು ಹೊಯ್ದಾಗ ಬರತೈತಲ್ಲ ವಾಸನಿ,
ಅದರ ಮುಂದ ಅತ್ತರಿನ ಅಂಗಡಿ ಇಟ್ರೂ ಬ್ಯಾಡ ಅಂತೀನಿ.
ಆಕಿ ಮೂಗಿಗೆ ಸೆರಗು ಹಿಡದು
'ಎಮ್ಮಿ ಕೊಟ್ಟಿಗಿ' ಅಂತಿದ್ಲು.

ನೀಲಿ ಸೀರಿ ನನ್ನ ಟ್ರಂಕಿನಾಗ ಒಂದೂ ಇಲ್ಲ.
ಉಗುರಿನಾಗಿನ ನೀಲಿ ಸಾಕು,
ಅನ್ನ ಕಲಸೋವಾಗೂ ಕಾಣತೈತಿ ಅದು.
ಆಕಿಗೆ ರಂಜಾನ್ ಹಬ್ಬಕ್ಕೂ ನೀಲೀನೇ ಬೇಕು.
'ನಮ್ಮ ಅನ್ನದ ಬಣ್ಣ, ನಾಚಿಕಿ ಎದಕ್ಕ?'

ಇನ್ನ ಆ ಹರಕು ಪ್ಯಾಂಟು.
ಹೊಚ್ಚ ಹೊಸಾ ಬಟ್ಟಿ, ಗ್ರೈಂಡರ್ ಹಿಡದು
ಮೊಣಕಾಲಿಗೆ ತಿಕ್ಕತಾರ ಹುಡುಗರು.
ತೂತು ದೊಡ್ಡದಾದಂಗ ರೇಟು ಜಾಸ್ತಿ.
ಅವ್ವ ತ್ಯಾಪಿ ಹಚ್ಚಿದ ಲಂಗ ಉಟ್ಕೊಂಡು
ಸಾಲಿಯ ಗೋಡಿಗೆ ಬೆನ್ನು ತಾಗಿಸಿ ನಡದಾಕಿ ನಾನು,
ನನ್ನ ಮುಂದ ಈ ಆಟ ಬ್ಯಾಡ.
ಮಾಬುನ್ನಿ ದಾರ ಕಡದು ಅಂದ್ಲು:
'ಗಾಳಿ ಆಡಲಿ ಬಿಡು. ಬಳ್ಳಾರಿಗೆ ಇದೇ ಸೈ.'

ಹೋದ ವರ್ಷ ಆಕಿ ಕಣ್ಣಿಗೆ ಪೊರಿ ಬಂತು.
ಸೂಜಿಗೆ ದಾರ ಪೋಣಿಸಿ ಕೊಡಾಕಿ ನಾನೇ,
ಸೊಟ್ಟ ಪೋಣಿಸಿದಿ ಅಂತ ಬೈಯಾಕಿ ಆಕಿ.
ಆಮ್ಯಾಲೆ ಗುಂತಕಲ್ಲಿಗೆ, ತಂಗಿ ಮನಿಗೆ ಹೋದ್ಲು.

ಈಗ ಎಡಕ್ಕ ಸಿರುಗುಪ್ಪದ ಹುಡುಗಿ, ನಾಗವೇಣಿ.
ಛಲೋ ಕೈ, ಛಲೋ ನಡತಿ.
ಶುಂಠಿ ಚಾನೇ ಚಾ ಅಂದೆ.
'ಹೌದ್ರೀ ಅಕ್ಕಾ.'
ನಾಕು ದಿನ ಬಿಟ್ಟು, ಬೇಕಂತಲೇ,
ಯಾಲಕ್ಕಿ ಇಲ್ಲದ್ದು ಚಾನೇ ಅಲ್ಲ ಅಂದೆ.
'ಹೌದ್ರೀ ಅಕ್ಕಾ.'
ಮಷೀನು ಬಂದ್ ಮಾಡಿ ಆಕಿ ಮುಖ ನೋಡಿದೆ.
ಇಂಥಾಕಿ ಕೂಡ ಹೆಂಗ ಕುಂದ್ರೋದು ಇಡೀ ದಿನ?

ಮಿರ್ಚಿ ತರಿಸಿದ್ರ ಆಕೀನೂ ಹಿಟ್ಟೇ ತಿಂತಾಳ.
ಪೇಪರಿನ ಮ್ಯಾಲೆ ಕಾಯಿ ಸಾಲಾಗಿ ಮಕ್ಕೊಂಡಿರತಾವ.
ಒಂದು ಬಾಯಿಗಿಟ್ಟು ನೋಡಿದೆ ಮೊನ್ನೆ.
ಕಣ್ಣಾಗ ನೀರು ಬಂತು.
ಮೆಣಸಿನಕಾಯಿದೇ ಅದು, ಬ್ಯಾರೆ ಕಥಿ ಕಟ್ಟಬ್ಯಾಡ್ರಿ.

ನಿನ್ನೆ ರಾತ್ರಿ ಫೋನು ಹಚ್ಚಿದೆ.
'ಚಾ ಹೆಂಗ ಅಲ್ಲಿ?'
'ಥೂ, ಇಲ್ಲೂ ಶುಂಠಿ. ನೀ ಕಳಿಸಿದಿಯೇನ ಇವರ್ನ?'
ಕಣ್ಣಿನ ಆಪರೇಷನ್ ಆತಂತ, ಅದು ಎರಡೇ ಮಾತು.
ಉಳದಿದ್ದೆಲ್ಲ ತಂಗಿಯ ಸಾರಿನ ಉಪ್ಪು,
ಟಿವಿ ಸದ್ದು, ಬಾಗಲಕ್ಕ ಹಚ್ಚಿದ ಹಸರು ಬಣ್ಣ.
ಗುಂತಕಲ್ಲಿನ ನೀರು ಬರೇ ಸವಳು ಅಂದ್ಲು.
'ಏ ಹೋಗ, ಸಿಹಿ ಐತಿ ಆ ನೀರು' ಅಂದೆ ನಾನು.
ಅರ್ಧ ತಾಸು ಜಗಳಾಡಿದ್ವಿ ಅದಕ್ಕ.

ಆ ನೀರು ನಾನು ಕುಡದೇ ಇಲ್ಲ.